ಈದ ಆಕಳು ಎಮ್ಮೆಗಳ ಕೆಚ್ಚಲಿನ ಜೋಪಾನ

ಹೊಲದ ಪೀಕು ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಮನೆಗೆ ಬರುವದು. ಹೈನವಾದರೋ ದಿನಕ್ಕೆ ಎರಡು ಸಲ ಮನೆಗೆ ಬರುವ ಪೀಕು. ಧಾರವಾಡ, ಹುಬ್ಬಳ್ಳಿ, ಕಲಘಟಗಿ, ಕುಂದಗೋಳ, ನವಲಗುಂದ, ಅಳ್ನಾವರ, ಅಣ್ಣಿಗೇರಿ ಈ ಎಲ್ಲ ಕಡೆಗಳಲ್ಲಿಯೂ ಮಳೆ ತಪ್ಪಿದ ವರ್ಷ ಮನೆಯ ಉಪ್ಪು ಎಣ್ಣೆಯ ಖರ್ಚು ಹಾಲಿನ ಸಂಘದಿಂದ ಬರುವ ಹಣದ ಮೇಲೆಯೇ ನಡೆಯುವದುಂಟು. ಈ ಸೀಮೆಯ ಕರಿಯ ಎಮ್ಮೆಯು ಧಾರವಾಡಿ ಎಂಬ ಹೆಸರಿನಿಂದ 2021ರಲ್ಲಿ ದೇಶದ ತಳಿಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಧಾರವಾಡದ ಪೇಡೆಯ ಕೀರ್ತಿಯು ನಾಡೆಲ್ಲ ಹಬ್ಬಿರುವದಕ್ಕೆ ಇಲ್ಲಿಯ ಗಟ್ಟಿ ಹಾಲೇ ಆಧಾರವಾಗಿದೆ. ಇತ್ತೀಚಿನ ದಶಕಗಳಲ್ಲಿ ಹೋಲ್‌ಸ್ಟೀನ್, ಜರ್ಸಿ ರಕ್ತದ ಮಿಶ್ರತಳಿಯ ಆಕಳುಗಳೂ ಹಳ್ಳಿಹಳ್ಳಿಗೆ ಬಂದು ಸೇರಿವೆ.

ಇಂಥ ಹೈನಕ್ಕೆ ದೊಡ್ಡ ಶತ್ರುವೆಂದರೆ ಕೆಚ್ಚಲು ಬಾವು. ಈ ಬೇನೆಯಿಂದ ದನವು ಸಾಯುವದು ಅಪರೂಪ. ಆದುದರಿಂದಲೇ ಜನರು ಇದನ್ನು ಹಗುರಾಗಿ ಎಣಿಸುತ್ತಾರೆ. ಆದರೆ ಒಂದು ಮೊಲೆ ಕೆಟ್ಟ ಆಕಳು ಸಂತೆಯಲ್ಲಿ ಬೆಲೆ ಕಳೆದುಕೊಳ್ಳುವದು. ಮನೆಯಲ್ಲಿದ್ದರೆ ಅದೇ ಮೇವು ತಿಂದು ಕಡಿಮೆ ಹಾಲು ಕೊಡುವದು. ದಿನಕ್ಕೆ ಒಂದೇ ಲೀಟರು ಹಾಲು ಕಡಿಮೆಯಾಯಿತೆಂದು ಹಿಡಿದರೂ ಒಂದು ಈತದ 300 ದಿವಸಗಳಿಗೆ 300 ಲೀಟರು ನಷ್ಟ. ಲೀಟರಿಗೆ 35 ರೂಪಾಯಿಯಂತೆ ಲೆಕ್ಕ ಹಾಕಿದರೆ 10,500 ರೂಪಾಯಿ ಕೈಬಿಟ್ಟಂತಾಯಿತು. ಒಂದೇ ಆಕಳಿನ ಮೇಲೆ ಸಂಸಾರ ಸಾಗಿಸುವ ಮನೆಗೆ ಇದು ಸಣ್ಣ ಮಾತಲ್ಲ.

ಬೇನೆ ಬಂದ ಮೇಲೆ ಔಷಧಕ್ಕೆ ಓಡುವದು ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಈ ಬೇನೆಗೆ ಒಳಗೆ ಹೋಗಲು ಸಾಮಾನ್ಯವಾಗಿ ಇರುವದು ಒಂದೇ ಬಾಗಿಲು. ಆ ಬಾಗಿಲನ್ನು ಕಾಯುವ ಕ್ರಮವನ್ನು ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

ಬೇನೆಯ ಬಾಗಿಲು

ಕೆಚ್ಚಲು ನೋಡಲು ಒಂದೇ ಚೀಲದಂತೆ ಕಂಡರೂ ಅದರೊಳಗೆ ನಾಲ್ಕು ಪ್ರತ್ಯೇಕ ಪಾಲುಗಳಿವೆ. ಒಂದು ಪಾಲಿನ ಹಾಲು ಮತ್ತೊಂದಕ್ಕೆ ಹೋಗುವದಿಲ್ಲ. ಪ್ರತಿಯೊಂದು ಪಾಲಿಗೂ ಒಂದು ಮೊಲೆ, ಮೊಲೆಯ ತುದಿಯಲ್ಲಿ ಒಂದು ಸಣ್ಣ ಕಂಡಿ. ಆಕಳಲ್ಲಿ ಈ ಕಂಡಿಯ ಉದ್ದ ಸುಮಾರು ಒಂದು ಸೆಂಟಿಮೀಟರು ಮಾತ್ರ. ಅದರ ಸುತ್ತಲಿನ ಸ್ನಾಯು ಬಿಗಿಯಾಗಿರುವ ತನಕ ಹೊರಗಿನ ಕ್ರಿಮಿ ಒಳಗೆ ಹೋಗಲಾರದು. ಹಾಲು ಹಿಂಡಿದ ಮೇಲೆ ಅರ್ಧ ತಾಸಿನಿಂದ ಒಂದು ತಾಸಿನವರೆಗೆ ಈ ಕಂಡಿಯು ಸಡಿಲಾಗಿ ತೆರೆದಿರುತ್ತದೆ. ಆ ವೇಳೆಯಲ್ಲಿ ಆಕಳು ಸೆಗಣಿ ಗಂಜಲಗಳ ಮೇಲೆ ಮಲಗಿದರೆ ಬೇನೆಗೆ ಬಾಗಿಲು ತೆರೆದುಕೊಟ್ಟಂತೆಯೇ ಸರಿ. ಎಮ್ಮೆಯ ಮೊಲೆಯ ಸ್ನಾಯು ಹೆಚ್ಚು ಬಿಗಿಯಾದುದರಿಂದ ಅದಕ್ಕೆ ಈ ಬೇನೆ ಆಕಳಿಗಿಂತ ಕಡಿಮೆ, ಆದರೆ ಇಲ್ಲವೆಂದಲ್ಲ.

ಬೇನೆಯ ಕ್ರಿಮಿಗಳು ಎರಡು ತಂಡದವು. ಇ. ಕೋಲಿ ಮೊದಲಾದವು ಸೆಗಣಿ, ಕೆಸರು, ಹಸಿ ನೆಲಗಳಲ್ಲಿ ವಾಸಿಸುತ್ತವೆ. ಸ್ಟೆಫಿಲೊಕಾಕಸ್ ಮತ್ತು ಕೆಲವು ಜಾತಿಯ ಸ್ಟ್ರೆಪ್ಟೊಕಾಕಸ್ ಕ್ರಿಮಿಗಳು ರೋಗಿಯಾದ ಕೆಚ್ಚಲಿನಲ್ಲಿಯೇ ಮನೆ ಮಾಡಿಕೊಂಡಿದ್ದು, ಹಿಂಡುವವರ ಕೈಯಿಂದಲೂ ಒರೆಸುವ ಅರಿವೆಯಿಂದಲೂ ಆರೋಗ್ಯದ ಆಕಳಿಗೆ ದಾಟುತ್ತವೆ. ಈ ಬೇನೆ ಅಂಟುವಂಥದೆಂಬದನ್ನೂ ಅದಕ್ಕೆ ಸ್ಟ್ರೆಪ್ಟೊಕಾಕಸ್ ಕ್ರಿಮಿ ಕಾರಣವಾಗುವದೆಂಬದನ್ನೂ ಫ್ರಾನ್ಸ್ ದೇಶದ ನೊಕಾರ್ ಮತ್ತು ಮೊಲೆರೊ ಎಂಬ ಪಂಡಿತರು 1887ರಲ್ಲಿಯೇ ತೋರಿಸಿಕೊಟ್ಟರು. 1960ರ ದಶಕದಲ್ಲಿ ಇಂಗ್ಲಂಡಿನ ರೆಡಿಂಗ್ ಬಳಿಯ ಹೈನ ಸಂಶೋಧನ ಸಂಸ್ಥೆಯವರು, ಹಿಂಡಿದ ಕೂಡಲೆ ಮೊಲೆಗಳನ್ನು ಕ್ರಿಮಿನಾಶಕದಲ್ಲಿ ಅದ್ದುವದರಿಂದಲೂ ಹಾಲು ಬತ್ತಿಸುವಾಗ ಚಿಕಿತ್ಸೆ ಮಾಡುವದರಿಂದಲೂ ಬೇನೆಯನ್ನು ಬಹುಮಟ್ಟಿಗೆ ತಗ್ಗಿಸಬಹುದೆಂದು ಸಿದ್ಧಪಡಿಸಿದರು. ಅವರು ಹಾಕಿಕೊಟ್ಟ ಕ್ರಮವೇ ಇಂದು ಲೋಕದ ಬಹುಭಾಗದಲ್ಲಿ ರೂಢಿಯಲ್ಲಿದೆ.

ಈದ ಆಕಳಿಗೇ ಏಕೆ?

ಕರು ಹಾಕುವ ಎರಡು ವಾರ ಮೊದಲಿನಿಂದ ಹಾಕಿದ ಎರಡು ವಾರಗಳ ತನಕ ದನದ ರೋಗನಿರೋಧ ಶಕ್ತಿ ಕುಂದಿರುತ್ತದೆ. ಅದೇ ವೇಳೆಗೆ ಕೆಚ್ಚಲು ಹಾಲಿನಿಂದ ತುಂಬಿ ಮೊಲೆಗಳು ಬಿಗಿದು, ಕೆಲವು ಆಕಳುಗಳಲ್ಲಿ ಹಾಲು ತಾನಾಗಿಯೇ ತೊಟ್ಟಿಕ್ಕುವದು. ಈಯುವಾಗ ದನವು ಏಳುವದು, ಮಲಗುವದು ಹೆಚ್ಚು; ನೀರು, ರಕ್ತ, ಮಾಸುಗಳಿಂದ ನೆಲ ಹಸಿಯಾಗುವದು. ಹೀಗೆ ಶಕ್ತಿ ಕುಂದಿದ ವೇಳೆಯೂ ಹೊಲಸಿನ ವೇಳೆಯೂ ಒಂದೇ ಆಗಿ ಕೂಡುತ್ತವೆ.

ಹೊಸದಾಗಿ ಈದ ಒಳ್ಳೆಯ ಹಾಲಿನ ಆಕಳಿಗೆ ಕೆಚ್ಚಲು ಬಾತರೆ ಕಣ್ಣು ತಗಲಿತೆಂದು ಹಳ್ಳಿಗಳಲ್ಲಿ ಹೇಳುವದುಂಟು. ಈ ಮಾತು ಹುಟ್ಟಿದ್ದಕ್ಕೂ ಕಾರಣವುಂಟು: ಹೆಚ್ಚು ಹಾಲಿನ ಆಕಳಿಗೇ ಈ ಬೇನೆ ಹೆಚ್ಚು, ಅದೂ ನೆರೆಹೊರೆಯವರು ಕರು ನೋಡಲು ಬರುವ ದಿವಸಗಳಲ್ಲಿಯೇ ಹೆಚ್ಚು. ಹಿರಿಯರು ಕಂಡದ್ದು ಸುಳ್ಳಲ್ಲ. ಆದರೆ ದೋಷವು ನೋಡಿದವರ ಕಣ್ಣಿನಲ್ಲಿಲ್ಲ, ಆಕಳು ಮಲಗಿದ ನೆಲದಲ್ಲಿಯೂ ಹಿಂಡಿದ ಕೈಯಲ್ಲಿಯೂ ಇದೆ.

ಸಹಜವಾದ ಊತ ಯಾವದು, ಬೇನೆ ಯಾವದು?

ಈಯುವ ಮುಂಚೆ ಮತ್ತು ಈದ ಕೆಲವು ದಿವಸ ಕೆಚ್ಚಲು ಊದಿಕೊಳ್ಳುವದು ಸಹಜ. ವಿಶೇಷವಾಗಿ ಚೊಚ್ಚಿಲ ಆಕಳುಗಳಲ್ಲಿ ಇದು ಹೊಟ್ಟೆಯ ಕೆಳಗಿನವರೆಗೂ ಹಬ್ಬುವದುಂಟು. ಇದನ್ನು ಬೆರಳಿನಿಂದ ಒತ್ತಿದರೆ ಹಿಟ್ಟಿನ ಮುದ್ದೆಯಲ್ಲಿ ಬಿದ್ದಂತೆ ಕುಳಿ ಬಿದ್ದು ಸ್ವಲ್ಪ ಹೊತ್ತು ಉಳಿಯುವದು. ಊತವು ನಾಲ್ಕೂ ಪಾಲಿಗೆ ಸಮನಾಗಿರುವದು, ಬಿಸಿಯಿರುವದಿಲ್ಲ, ಗಿಣ್ಣದ ಹಾಲು ಹಳದಿಯಾಗಿ ಗಟ್ಟಿಯಾಗಿ ಒಂದೇ ಸಮನಾಗಿರುವದು. ಮೊದಲ ಎರಡು ಮೂರು ದಿವಸ ಹಾಲು ತುಸು ಕೆಂಪಗೆ ಕಂಡರೂ ಆಕಳು ಮೇಯುತ್ತಿದ್ದರೆ ಗಾಬರಿಯಾಗಬೇಕಾಗಿಲ್ಲ.

ಬೇನೆಯ ಲಕ್ಷಣಗಳು ಬೇರೆ. ಒಂದೋ ಎರಡೋ ಪಾಲು ಮಾತ್ರ ಕಲ್ಲಿನಂತೆ ಬಿರುಸಾಗಿ ಬಿಸಿಯಾಗುವದು. ಮುಟ್ಟಿದರೆ ಆಕಳು ಒದೆಯುವದು. ಹಾಲಿನಲ್ಲಿ ಮೊಸರಿನ ಚೂರುಗಳು, ನೂಲಿನಂಥ ಎಳೆಗಳು, ತಿಳಿ ನೀರು, ಕೀವು ಕಾಣುವವು. ಬೇನೆ ಬಲವಾದರೆ ಜ್ವರ ಬಂದು ಆಕಳು ಮೇವು ಬಿಡುವದು. ಪಾಲು ನೀಲಿಯಾಗಿ ತಣ್ಣಗಾದರೆ ಪ್ರಾಣಾಪಾಯವಿದೆಯೆಂದು ತಿಳಿದು ಒಂದು ಗಳಿಗೆಯೂ ತಡಮಾಡಕೂಡದು.

ಕಣ್ಣಿಗೆ ಕಾಣದ ಬೇನೆ

ಕಾಣುವ ಬೇನೆಗಿಂತ ಕಾಣದ ಬೇನೆಯೇ ಹೆಚ್ಚು ನಷ್ಟ ಮಾಡುವದು. ಕೆಚ್ಚಲು ಮೆತ್ತಗೆ, ಹಾಲು ಬೆಳ್ಳಗೆ ಇದ್ದರೂ ಒಳಗೆ ಕ್ರಿಮಿ ಕೆಲಸ ಮಾಡುತ್ತಿರುವದುಂಟು. ಹಾಲು ದಿನದಿನಕ್ಕೆ ಕಡಿಮೆಯಾಗುವದನ್ನು ಕಂಡು ಮನೆಯವರು ಹಿಂಡಿಯನ್ನು ದೂರುತ್ತಾರೆ. ಆ ಆಕಳಿನಿಂದ ಬೇನೆಯು ಉಳಿದವುಗಳಿಗೂ ಹರಡುತ್ತದೆ.

ಇದನ್ನು ತಿಳಿಯಲು 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಸುಲಭ ಪರೀಕ್ಷೆಯನ್ನು ಕಂಡುಹಿಡಿದರು. ಅದೇ ತತ್ತ್ವದ ಮೇಲೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯು ಹೀಗಿದೆ. ಅರ್ಧ ಲೀಟರು ನೀರಿನಲ್ಲಿ ಅರಿವೆ ಒಗೆಯುವ ಸೋಪಿನ ಪುಡಿಯನ್ನು ಸುಮಾರು 15 ಗ್ರಾಂ ಕರಗಿಸಬೇಕು. ನಾಲ್ಕು ಸಣ್ಣ ಬಟ್ಟಲುಗಳಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಎರಡೆರಡು ಚಮಚ ಹಿಡಿದು, ಅಷ್ಟೇ ಅಳತೆಯ ಸೋಪಿನ ನೀರನ್ನು ಹಾಕಿ ಮೆಲ್ಲಗೆ ಸುತ್ತು ತಿರುಗಿಸಬೇಕು. ಒಂದು ನಿಮಿಷದೊಳಗಾಗಿ ಹಾಲು ಲೋಳೆಯಂತೆ ಮಂದವಾದರೆ ಆ ಪಾಲಿನಲ್ಲಿ ಬೇನೆಯಿದೆಯೆಂದು ತಿಳಿಯಬೇಕು; ನೀರಿನಂತೆ ತೆಳ್ಳಗೆ ಉಳಿದರೆ ಚಿಂತೆಯಿಲ್ಲ. ಈದ ಮೊದಲ ವಾರದಲ್ಲಿ ಗಿಣ್ಣದ ಹಾಲೂ ಮಂದವಾಗುವದರಿಂದ ಪರೀಕ್ಷೆಯನ್ನು ಆ ವಾರ ಕಳೆದ ಮೇಲೆಯೇ ಮಾಡತಕ್ಕದ್ದು. ಅಲ್ಲಿಂದ ತಿಂಗಳಿಗೊಮ್ಮೆ ಮಾಡಿದರೆ ಸಾಕು. ಪರೀಕ್ಷೆ ಮಾಡಿದ ಹಾಲನ್ನು ಯಾವ ಪ್ರಾಣಿಗೂ ಕುಡಿಸಕೂಡದು.

ಈಯುವ ಎರಡು ತಿಂಗಳು ಮುಂಚಿನ ಕಾಪು

ಕೆಚ್ಚಲಿನ ಜೋಪಾನ ಈದ ದಿವಸ ಆರಂಭವಾಗತಕ್ಕದ್ದಲ್ಲ. ಆಕಳು ಗಬ್ಬವಿರುವದು ಸುಮಾರು ಒಂಬತ್ತು ತಿಂಗಳು ಒಂಬತ್ತು ದಿವಸ. ಎಮ್ಮೆ ಸುಮಾರು ಹತ್ತು ತಿಂಗಳು ಹತ್ತು ದಿವಸ. ಆದ್ದರಿಂದ ಆಕಳಿಗೆ ಏಳು ತಿಂಗಳು ತುಂಬಿದಾಗ, ಎಮ್ಮೆಗೆ ಎಂಟು ತಿಂಗಳು ತುಂಬಿದಾಗ ಹಾಲು ಬತ್ತಿಸಬೇಕು. ಇನ್ನೂ ಎರಡು ಪಾವು ಬರುತ್ತದಲ್ಲಾ ಎಂಬ ಆಸೆಯಿಂದ ಈಯುವ ತನಕ ಹಿಂಡುವದು ಮುಂದಿನ ಈತದ ಹಾಲನ್ನು ಈಗಲೇ ಕಳೆದುಕೊಂಡಂತೆ. ಕೆಚ್ಚಲಿಗೆ ಎರಡು ತಿಂಗಳ ವಿಶ್ರಾಂತಿ ಅವಶ್ಯವು.

ಬತ್ತಿಸುವ ವಾರ ಹಿಂಡಿಯನ್ನು ತಗ್ಗಿಸಬೇಕು. ಕೊನೆಯ ಸಲ ಪೂರ್ತಿಯಾಗಿ ಹಿಂಡಿ, ಮೊಲೆಗಳನ್ನು ಔಷಧದಲ್ಲಿ ಅದ್ದಿ, ಮತ್ತೆ ಹಿಂಡದೆ ಬಿಡಬೇಕು. ಕೆಲವು ದಿವಸಗಳಲ್ಲಿ ಮೊಲೆಯ ಕಂಡಿಯಲ್ಲಿ ಬೆಣೆಯಂತೆ ಒಂದು ಪದರು ಕಟ್ಟಿಕೊಂಡು ಬಾಗಿಲು ತಾನೇ ಮುಚ್ಚುವದು. ಹಿಂದಿನ ಈತದಲ್ಲಿ ಬೇನೆ ಬಂದಿದ್ದ ಆಕಳಿಗೆ ಈ ದಿವಸವೇ ದನದ ದವಾಖಾನೆಯವರಿಂದ ಮೊಲೆಯೊಳಗೆ ಔಷಧ ಹಾಕಿಸಿದರೆ ಅಡಗಿದ ಬೇನೆ ವಾಸಿಯಾಗುವ ಸಂಭವ ಹೆಚ್ಚು. ಬರೀ ಜೋಳದ ಕಣಿಕೆಯ ಮೇಲಿಟ್ಟ ಆಕಳಿಗೆ ಶಕ್ತಿ ಸಾಲದು. ಹಸಿ ಮೇವನ್ನೂ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣವನ್ನೂ ಕೊಡಬೇಕು.

ಈದ ದಿವಸದ ಕಾಪು

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೂ ಕೆಚ್ಚಲಿಗೂ ಮೆತ್ತಿಕೊಳ್ಳುವದು; ಕಲಘಟಗಿ, ಅಳ್ನಾವರಗಳ ಕಡೆಗೆ ಜಡಿಮಳೆಯಿಂದ ಕೊಟ್ಟಿಗೆ ಒಣಗುವದೇ ಇಲ್ಲ. ಎಮ್ಮೆಗಳು ಮಳೆಗಾಲದ ಕೊನೆಯಿಂದ ಚಳಿಗಾಲದ ತನಕವೇ ಹೆಚ್ಚಾಗಿ ಈಯುವವಾದ್ದರಿಂದ ಈ ಕಾಪು ಇಲ್ಲಿ ಇನ್ನೂ ಅಗತ್ಯ. ದಿನ ತುಂಬಿದ ದನವನ್ನು ಒಣ ಜಾಗೆಯಲ್ಲಿ ಬೇರೆಯಾಗಿ ಕಟ್ಟಬೇಕು. ನೆಲಕ್ಕೆ ಗರಸು ಹಾಕಿ ಬಡಿದು, ಗಂಜಲ ಹರಿದು ಹೋಗುವಂತೆ ಹಿಂದಕ್ಕೆ ತುಸು ಇಳಿಜಾರು ಕೊಟ್ಟು, ಮೇಲೆ ಒಣ ಹುಲ್ಲು ಹಾಸಬೇಕು. ಹಸಿಯಾದ ಹಾಸಿಗೆಯನ್ನು ದಿನಾಲು ತೆಗೆಯಬೇಕು. ಮಾಸು ಬಿದ್ದ ಕೂಡಲೆ ಅದನ್ನು ಆಳವಾಗಿ ಹೂಳಿ, ಆಕಳ ಹಿಂಭಾಗವನ್ನು ಬೆಚ್ಚಗಿನ ನೀರಿನಿಂದ ತೊಳೆದು ಒರೆಸಬೇಕು.

ಕರುವಿಗೆ ಒಂದೆರಡು ತಾಸುಗಳೊಳಗಾಗಿ ಗಿಣ್ಣದ ಹಾಲು ಕುಡಿಸತಕ್ಕದ್ದು. ಮೊದಲ ದಿವಸ ಅದರ ತೂಕದ ಹತ್ತರಲ್ಲೊಂದು ಪಾಲಿನಷ್ಟು ಹಾಲು ಅದರ ಹಕ್ಕು. ಮನೆಯವರ ಗಿಣ್ಣವು ಆಮೇಲಿನದು. ಹೆಚ್ಚು ಹಾಲಿನ ಆಕಳನ್ನು ಮೊದಲ ದಿವಸ ಪೂರ್ತಿಯಾಗಿ ಬರಿದು ಮಾಡದೆ ಕರುವಿಗೆ ಬೇಕಾದಷ್ಟು ಹಿಂಡುವದು ಲೇಸು. ಈದ ಎರಡು ಮೂರು ದಿವಸಗಳಲ್ಲಿ ಆಕಳು ಕಿವಿ ತಣ್ಣಗಾಗಿ ಕುತ್ತಿಗೆ ಹೊರಳಿಸಿ ಮಲಗಿ ಏಳದಿದ್ದರೆ ಅದು ಸುಣ್ಣದಂಶದ ಕೊರತೆಯಿಂದ ಬರುವ ಹಾಲು ಜ್ವರ. ಕೂಡಲೆ ವೈದ್ಯರನ್ನು ಕರೆಯಬೇಕು. ಹಾಗೆ ಮಲಗಿದ ಆಕಳಿಗೆ ಕೆಚ್ಚಲು ಬಾವೂ ಬೇಗನೆ ಅಂಟುವದು.

ಹಿಂಡುವ ಕೈ

1. ಹಿಂಡುವವರು ಉಗುರು ತೆಗೆದಿರಬೇಕು. ಒಂದೊಂದು ದನಕ್ಕೂ ಮೊದಲು ಸೋಪಿನಿಂದ ಕೈ ತೊಳೆಯಬೇಕು.

2. ಮೊಲೆಗಳನ್ನು ಬೆಚ್ಚಗಿನ ನೀರಿನಿಂದ ತೊಳೆದು ಒಣ ಅರಿವೆಯಿಂದ ಒರೆಸಬೇಕು. ಒದ್ದೆ ಮೊಲೆಯನ್ನು ಹಿಂಡಿದರೆ ಹೊಲಸು ನೀರು ಕಂಡಿಗೆ ಇಳಿಯುವದು. ಒಂದೊಂದು ದನಕ್ಕೆ ಒಂದೊಂದು ಅರಿವೆ ಇರಬೇಕು. ಅದನ್ನು ದಿನಾಲು ಕುದಿಸಿ ಬಿಸಿಲಿಗೆ ಹಾಕಬೇಕು.

3. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕರೀ ಅರಿವೆ ಕಟ್ಟಿದ ಬಟ್ಟಲಿನಲ್ಲಿ ಹಿಡಿದು ನೋಡಬೇಕು. ಚೂರುಗಳಿದ್ದರೆ ಕರೀ ಅರಿವೆಯ ಮೇಲೆ ಎದ್ದು ಕಾಣುವವು. ಆ ಹಾಲನ್ನು ನೆಲಕ್ಕೆ ಚೆಲ್ಲಕೂಡದು.

4. ಹೆಬ್ಬೆರಳು ಮಡಚಿ ಎಳೆಯದೆ ಇಡೀ ಮುಷ್ಟಿಯಿಂದ ಒತ್ತಿ ಹಿಂಡಬೇಕು. ಮಡಚಿದ ಬೆರಳಿನ ಗಿಣ್ಣು ಮೊಲೆಯ ಒಳಪದರನ್ನು ಹರಿಯುತ್ತದೆ. ಆ ಗಾಯವೇ ಕ್ರಿಮಿಗೆ ನೆಲೆ.

5. ಆಕಳು ಹಾಲಿಳಿಸಿದ ಮೇಲೆ ಐದರಿಂದ ಏಳು ನಿಮಿಷಗಳಲ್ಲಿ ಕೆಲಸ ಮುಗಿಯಬೇಕು. ಎಮ್ಮೆ ಹಾಲಿಳಿಸಲು ಹೆಚ್ಚು ಹೊತ್ತು ಹಿಡಿಯುವದು. ಅದನ್ನು ಬಡಿಯದೆ, ಬೆದರಿಸದೆ, ಕರುವನ್ನು ತೋರಿಸಿ ತಾಳ್ಮೆಯಿಂದಿರಬೇಕು. ಹಾಲಿಳಿಸುವ ಸೂಜಿ ಹಾಕುವದು ಸರ್ವಥಾ ಕೂಡದು.

6. ಹಿಂಡಿ ಮುಗಿದು ಕರುವೂ ಕುಡಿದ ಮೇಲೆ, ದವಾಖಾನೆಯಲ್ಲಿ ಕೇಳಿ ತಂದ ಅಯೋಡಿನ್ ಔಷಧದ ಬಟ್ಟಲಿನಲ್ಲಿ ಒಂದೊಂದೇ ಮೊಲೆಯನ್ನು ಅದ್ದಬೇಕು. ಮುಂದಿನ ಸಲ ಹಿಂಡುವಾಗ ಅದನ್ನು ತೊಳೆದು ಒರೆಸಬೇಕು.

7. ಅನಂತರ ಗೋದಲಿಯಲ್ಲಿ ಮೇವು ಹಾಕಬೇಕು. ಮೇಯುತ್ತ ಒಂದು ತಾಸು ನಿಂತ ಆಕಳಿನ ಮೊಲೆಯ ಬಾಗಿಲು ಅಷ್ಟರಲ್ಲಿ ಮುಚ್ಚಿಕೊಳ್ಳುವದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

8. ಮೊದಲು ಚೊಚ್ಚಿಲ ಆಕಳು, ಆಮೇಲೆ ಆರೋಗ್ಯದವು, ಕಟ್ಟಕಡೆಗೆ ಬೇನೆಯ ಆಕಳು. ಈ ಸರದಿಯನ್ನು ತಪ್ಪಿಸಕೂಡದು.

ದೀಪಾವಳಿಯ ಪಾಡ್ಯದ ದಿವಸ ದನಗಳ ಮೈ ತೊಳೆದು ಪೂಜಿಸುವ ಮನೆಯವರು ವರ್ಷದ ಉಳಿದ ದಿವಸಗಳಲ್ಲಿ ಮೊಲೆ ತೊಳೆಯಲು ಬೇಸರಪಡಬಾರದು.

ಬೇನೆ ಬಂದಾಗ

ಬೇನೆ ಕಂಡ ದಿವಸವೇ ದವಾಖಾನೆಗೆ ತಿಳಿಸಬೇಕು. ಮನೆಯ ಬಾಗಿಲಿಗೆ ಬರುವ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಗೆ ಫೋನು ಮಾಡಬಹುದು. ವೈದ್ಯರು ಬರುವ ತನಕ ಕೆಟ್ಟ ಪಾಲಿನ ಹಾಲನ್ನು ಮೇಲಿಂದ ಮೇಲೆ ಬೇರೆ ಪಾತ್ರೆಯಲ್ಲಿ ಹಿಂಡಿ, ಫಿನೈಲ್ ಹಾಕಿ ದೂರದಲ್ಲಿ ಹೂಳಬೇಕು. ಅದನ್ನು ಕರುವಿಗೂ ಕುಡಿಸಕೂಡದು.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಪ್ರಚಾರ ಮಾಡಿರುವ ಒಂದು ಮನೆಮದ್ದು ಹೀಗಿದೆ: ಲೋಳೆಸರ 250 ಗ್ರಾಂ, ಅರಿಸಿನ ಪುಡಿ 50 ಗ್ರಾಂ, ತಿನ್ನುವ ಸುಣ್ಣ 15 ಗ್ರಾಂ ಇವುಗಳನ್ನು ಅರೆದು, ಬೇಕಾದಷ್ಟನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಹಾಲು ತೆಗೆದು ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ ಐದು ದಿವಸ ಹಚ್ಚಬೇಕು. ಆದರೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ ಇದನ್ನೇ ನಂಬಿ ಕೂಡ್ರಬಾರದು.

ವೈದ್ಯರು ಹೇಳಿದಷ್ಟು ದಿವಸ ಔಷಧವನ್ನು ಪೂರ್ತಿ ಮಾಡತಕ್ಕದ್ದು. ಹಾಲು ಬೆಳ್ಳಗಾಯಿತೆಂದು ನಡುವೆ ಬಿಟ್ಟರೆ ಉಳಿದ ಕ್ರಿಮಿಗಳು ಬಲಿಯುತ್ತವೆ. ಔಷಧ ಹಾಕಿದ ಆಕಳಿನ ನಾಲ್ಕೂ ಮೊಲೆಗಳ ಹಾಲನ್ನು, ವೈದ್ಯರು ಹೇಳುವ ಅವಧಿ ಮುಗಿಯುವ ತನಕ, ಸಂಘಕ್ಕೆ ಹಾಕಕೂಡದು. ಮನೆಯ ಮಕ್ಕಳಿಗೂ ಕೊಡಕೂಡದು. ಕಾಯಿಸಿದರೆ ಔಷಧದ ಅಂಶ ಹೋಗುವದೆಂಬ ಭರವಸೆಯಿಲ್ಲ.

ಮೊಲೆಯ ಕಂಡಿಯಲ್ಲಿ ಕಡ್ಡಿ ಹಾಕುವದು, ಕೆಚ್ಚಲಿಗೆ ಬರೆ ಹಾಕುವದು, ಬಿಸಿ ಇಟ್ಟಿಗೆಯಿಂದ ಸುಡುವದು, ಅಂಗಡಿಯಿಂದ ಸೂಜಿ ತಂದು ತಾವೇ ಚುಚ್ಚುವದು ಇವೆಲ್ಲ ಅನರ್ಥಕರ. ಕಡ್ಡಿ ಹಾಕಿದ ಮೊಲೆ ಬಹುತರವಾಗಿ ಆ ಈತದಲ್ಲಿಯೇ ಕೆಟ್ಟುಹೋಗುವದು.

ಊರ ಹಿರಿಯರ ಕರ್ತವ್ಯ

ಹೆಚ್ಚು ದನಗಳುಳ್ಳ ಜಮೀನುದಾರರ ಮನೆಗಳಲ್ಲಿ ಹಾಲು ಹಿಂಡುವವರು ಆಳುಗಳು. ಉಳಿದ ಮನೆಗಳಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳು. ಓದುವವರು ಒಬ್ಬರು, ಹಿಂಡುವವರು ಮತ್ತೊಬ್ಬರಾದರೆ ಓದಿದ್ದರಿಂದ ಪ್ರಯೋಜನವಿಲ್ಲ. ಆದುದರಿಂದ ಈ ಪತ್ರಿಕೆಯನ್ನು ಹಿಂಡುವವರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು. ಯಜಮಾನನು ವಾರಕ್ಕೊಮ್ಮೆಯಾದರೂ ತಾನೇ ಕೊಟ್ಟಿಗೆಗೆ ಹೋಗಿ ಪ್ರತಿಯೊಂದು ಕೆಚ್ಚಲನ್ನೂ ಕೈಯಿಂದ ಮುಟ್ಟಿ ನೋಡಬೇಕು. ಆಳಿಗೆ ಸೋಪು, ಬಿಸಿನೀರು, ಒಣ ಅರಿವೆಗಳನ್ನು ಒದಗಿಸದೆ ಶುಚಿಯನ್ನು ನಿರೀಕ್ಷಿಸುವದು ನ್ಯಾಯವಲ್ಲ.

ಮತ್ತೊಂದು ಮಾತು ಮುಖ್ಯವಾದುದು. ಒಂದೇ ಆಕಳಿದ್ದ ಬಡವನು, ಹಾಲನ್ನು ಸಂಘದವರು ಬೇಡವೆಂದಾರೆಂಬ ಅಂಜಿಕೆಯಿಂದ ಬೇನೆಯನ್ನು ಮುಚ್ಚಿಡುತ್ತಾನೆ. ಕೆಟ್ಟ ಹಾಲು ಒಳ್ಳೆಯ ಹಾಲಿನೊಡನೆ ಒಂದೇ ಕ್ಯಾನಿನಲ್ಲಿ ಕೂಡಿ ಊರಿನವರೆಲ್ಲರ ಹಾಲು ಕೆಡುವದು. ಅವನ ಆಕಳೂ ಔಷಧವಿಲ್ಲದೆ ಕೆಡುವದು. ಬೇನೆಯನ್ನು ಹೇಳಿದವನಿಗೆ ಅವಮಾನವಾಗುವ ಊರಿನಲ್ಲಿ ಬೇನೆ ಎಂದಿಗೂ ಹೊರಬೀಳದು. ಅಂಥವನ ಮನೆಗೆ ವೈದ್ಯರನ್ನು ಕರೆಯಿಸಿ, ಆ ನಾಲ್ಕು ದಿವಸ ಅವನ ಮಕ್ಕಳಿಗೆ ನೆರೆಮನೆಯಿಂದ ಹಾಲು ಕೊಡಿಸುವ ಏರ್ಪಾಡನ್ನು ಹಿರಿಯರು ಮಾಡಬೇಕು. ಸಂಘದ ಕಟ್ಟೆಯಲ್ಲಿ ತಿಂಗಳಿಗೊಂದು ದಿವಸ ಸೋಪಿನ ನೀರಿನ ಪರೀಕ್ಷೆಯನ್ನು ಎಲ್ಲರ ಹಾಲಿಗೂ ನಡೆಸಿ, ಅದನ್ನು ಗೌಡರ ಮನೆಯ ಹಾಲಿನಿಂದಲೇ ಆರಂಭಿಸಿದರೆ ಉಳಿದವರ ಸಂಕೋಚವೂ ಹೋಗುವದು.

ಬರುವ ತಿಂಗಳುಗಳಲ್ಲಿ ಈಯುವ ಆಕಳು ಎಮ್ಮೆಗಳು ಯಾರ ಯಾರ ಮನೆಯಲ್ಲಿವೆಯೆಂದು ಈಗಲೇ ಎಣಿಸಿ, ಹಾಲು ಬತ್ತಿಸುವ ದಿವಸವನ್ನು ಗೊತ್ತುಮಾಡಿ, ಕಟ್ಟುವ ಜಾಗೆಗೆ ಗರಸು ಹಾಕಿಸತಕ್ಕದ್ದು.